ಅಜ್ಜನ ಬೀರುವಿನಲ್ಲಿ ಅರೇಬಿಯಾ: ವಿಕ್ಟೋರಿಯಾ ಕಾಲದ ಪ್ರವಾಸ ಗ್ರಂಥಗಳನ್ನು ಏನು ಮಾಡುವುದು?

ಪ್ರಶ್ನೆ: ನಮ್ಮೂರು ಚಿಕ್ಕಮಗಳೂರಿನ ಹತ್ತಿರ. ನಾನು ಕೆಲಸದ ಮೇಲೆ ಮಸ್ಕತ್‌ನಲ್ಲಿದ್ದೇನೆ. 1950ರ ದಶಕದಲ್ಲಿ ನಮ್ಮ ಅಜ್ಜ ಇಂಗ್ಲಿಷ್ ದೊರೆಯೊಬ್ಬರಿಂದ ಕಾಫಿ ತೋಟ ಕೊಂಡಾಗ ಬಂಗಲೆಯ ಜೊತೆಗೆ ಒಂದು ಬೀರು ತುಂಬ ಪುಸ್ತಕಗಳೂ ಬಂದವು. ಒಮಾನ್‌ಗೆ ಬಂದ ಮೇಲೆ ನನಗೆ ಅರಬ್ ನಾಡಿನ ಹಳೆಯ ಪ್ರವಾಸ ಗ್ರಂಥಗಳ ಹುಚ್ಚು ಹಿಡಿಯಿತು. ಹೋದ ಸಲ ಊರಿಗೆ ಬಂದಾಗ ಬೀರು ತೆಗೆದು ನೋಡಿದೆ. ರಿಚರ್ಡ್ ಬರ್ಟನ್ನನ ಮೆಕ್ಕಾ-ಮದೀನಾ ಯಾತ್ರೆಯ ಮೂರು ಸಂಪುಟ ಸಿಕ್ಕವು. ಮೊದಲೆರಡು ಕಂದು ಚರ್ಮದ ಬೈಂಡಿನಲ್ಲಿವೆ, 1855 ಎಂದಿದೆ. ಮೂರನೆಯದು ಮಾಸಿದ ನೀಲಿ ಬಟ್ಟೆಯದು, 1856. ಎರಡನೆಯದರಲ್ಲಿ ಒಂದು ಮಡಿಸಿದ ನಕ್ಷೆ ಕಿತ್ತುಹೋಗಿ ಬುಡದ ಪಟ್ಟಿ ಮಾತ್ರ ಉಳಿದಿದೆ. ಅವನದೇ ಅರೇಬಿಯನ್ ನೈಟ್ಸ್ ಅನುವಾದ ಹದಿನೇಳು ಸಂಪುಟ ಇದೆ. ಚಿತ್ರಗಳಿವೆ, ಬನಾರಸ್‌ನ ಕಾಮಶಾಸ್ತ್ರ ಸೊಸೈಟಿ ಎಂದು ಅಚ್ಚಾಗಿದೆ. ಜೊತೆಗೆ ಬೆನ್ನು ಕಿತ್ತುಹೋದ ಒಂದು ತೆಳ್ಳನೆಯ ಪುಸ್ತಕ: ರಿಯಾದ್‌ಗೆ ಹೋಗಿಬಂದ ಪೆಲ್ಲಿ ಎಂಬುವನ ವರದಿ, ಬೊಂಬಾಯಿ, 1866. ಇದನ್ನು ಚಿಕ್ಕಮ್ಮ ರದ್ದಿಗೆ ಹಾಕಲು ಹೊರಟಿದ್ದರು.

ಎಲ್ಲವನ್ನೂ ಹೊಸದಾಗಿ ಲೆದರ್ ಬೈಂಡಿಂಗ್ ಮಾಡಿಸಿದರೆ ಬೆಲೆ ಎರಡು ಪಟ್ಟಾಗುತ್ತದೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಮಳೆಗಾಲದಲ್ಲಿ ಪುಸ್ತಕಗಳ ಮೇಲೆ ಬಿಳಿ ಬೂಷ್ಟು ಬರುತ್ತದೆ, ನುಸಿಗುಳಿಗೆ ಸಾಕೇ? ಆನ್‌ಲೈನ್‌ನಲ್ಲಿ ಡೌಟಿಯ ಅರೇಬಿಯಾ ಪ್ರವಾಸ, '1888, ಲೆದರ್ ಬೌಂಡ್', 4,800 ರೂಪಾಯಿಗೆ ಇದೆ, ಕೊಳ್ಳಲೇ? ಮುಂದಿನ ಸಲ ಬಂದಾಗ ಈ ಪುಸ್ತಕಗಳನ್ನು ಮಸ್ಕತ್‌ಗೆ ತರಬಹುದೇ?

ಉತ್ತರ: ನಿಮ್ಮ ಪತ್ರ ಓದಿ ನನಗೆ ಮೊದಲು ಅನ್ನಿಸಿದ್ದು, ಚಿಕ್ಕಮ್ಮನವರ ಕೈಯಿಂದ ಆ ತೆಳ್ಳನೆಯ ಪುಸ್ತಕ ಉಳಿದದ್ದು ದೊಡ್ಡ ಪುಣ್ಯ ಎಂದು. ಅದರ ವಿಷಯಕ್ಕೆ ಬರುತ್ತೇನೆ. ನಿಮ್ಮ ಆತಂಕಗಳು ಮೂರು ಎಂದು ನನಗೆ ತೋರುತ್ತದೆ: ಕೈಯಲ್ಲಿರುವುದು ನಿಜವಾಗಿ ಏನು, ಅದನ್ನು ಹಾಳಾಗದಂತೆ ಉಳಿಸುವುದು ಹೇಗೆ, ಇದರ ಮೇಲೆ ಒಂದು ಸಂಗ್ರಹ ಕಟ್ಟುವುದಾದರೆ ಎಲ್ಲಿಂದ ಶುರು ಮಾಡುವುದು. ಹಳೆಯ ಪುಸ್ತಕಗಳ ರಿಪೇರಿ, ಮೌಲ್ಯಮಾಪನ ಎರಡನ್ನೂ ವೃತ್ತಿಯಾಗಿ ಮಾಡುವವನಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಉತ್ತರ ಓದಿ ಮುಗಿಸುವ ಮೊದಲೇ ಚಿಕ್ಕಪ್ಪನವರಿಗೆ ಫೋನ್ ಮಾಡಿ, ಬೈಂಡರ್ ಹತ್ತಿರ ಪುಸ್ತಕ ಕೊಡಬೇಡಿ ಎಂದು ತಿಳಿಸಿ.

ಚರ್ಮದ ಬೈಂಡಿಂಗ್ ಇದ್ದರೆ ಬೆಲೆ ಹೆಚ್ಚು ಎನ್ನುವುದು ನಮ್ಮಲ್ಲಿ ಬಲವಾಗಿ ಬೇರೂರಿದ ನಂಬಿಕೆ. ವಿಕ್ಟೋರಿಯಾ ಕಾಲದ ಪ್ರವಾಸ ಗ್ರಂಥಗಳ ಮಟ್ಟಿಗೆ ಅದು ತಲೆಕೆಳಗು. 1830ರ ದಶಕದ ನಂತರ ಲಂಡನ್ನಿನ ಪ್ರಕಾಶಕರು ಪುಸ್ತಕಗಳನ್ನು ಬಟ್ಟೆ ಹೊದಿಸಿದ ರಟ್ಟಿನಲ್ಲೇ ಮಾರುತ್ತಿದ್ದರು. ಆ ಬಟ್ಟೆ, ಅದರ ಮೇಲಿನ ಚಿನ್ನದಚ್ಚು, ಒಳರಟ್ಟಿಗೆ ಅಂಟಿಸಿದ ಬಣ್ಣದ ಕಾಗದ, ಕೊನೆಯಲ್ಲಿ ಹೊಲಿದ ಪ್ರಕಾಶಕರ ಜಾಹೀರಾತು ಹಾಳೆಗಳು, ಇವೆಲ್ಲ ಸೇರಿ ಪುಸ್ತಕ ಅಂಗಡಿಗೆ ಬಂದ ದಿನದ ರೂಪ. ಸಂಗ್ರಾಹಕರು ಹಣ ಕೊಡುವುದು ಆ ರೂಪಕ್ಕೆ. ಸಿರಿವಂತರು ಕೊಂಡ ಮೇಲೆ ತಮ್ಮ ಲೈಬ್ರರಿಗೆ ಹೊಂದುವಂತೆ ಕರುವಿನ ಚರ್ಮದಲ್ಲಿ ಕಟ್ಟಿಸಿಕೊಳ್ಳುತ್ತಿದ್ದರು. ಹಾಗೆ ಕಟ್ಟುವಾಗ ಬೈಂಡರ್ ಅಂಚುಗಳನ್ನು ಕತ್ತರಿಸುತ್ತಿದ್ದ, ಜಾಹೀರಾತು ಹಾಳೆ ಬಿಸಾಡುತ್ತಿದ್ದ, ಎಷ್ಟೋ ಸಲ ಪುಸ್ತಕದ ಹೆಸರಷ್ಟೇ ಇರುವ ಅರೆಶೀರ್ಷಿಕೆ ಪುಟವನ್ನೂ. ಆ ಕಾಲದ ಒಳ್ಳೆಯ ಚರ್ಮದ ಕಟ್ಟಿಗೂ ಮರ್ಯಾದೆಯಿದೆ, ಇಲ್ಲವೆನ್ನುವುದಿಲ್ಲ. ಆದರೆ ಇವತ್ತು ಹೊಸ ಲೆದರ್ ಹಾಕಿಸಿದರೆ ನಿಮ್ಮ ಮೂರನೆಯ ಸಂಪುಟದ ಮಾಸಿದ ನೀಲಿ ಬಟ್ಟೆ ಶಾಶ್ವತವಾಗಿ ಹೋಗುತ್ತದೆ, ಅದರೊಂದಿಗೆ ಬೆಲೆಯ ದೊಡ್ಡ ಪಾಲೂ ಹೋಗುತ್ತದೆ. ನನ್ನ ಕೆಲಸದ ಮೇಜಿಗೆ ಬರುವ ಹಳೆಯ ಪುಸ್ತಕಗಳಲ್ಲಿ ಹುಳು ತಿಂದು ಕೆಟ್ಟದ್ದಕ್ಕಿಂತ ಪ್ರೀತಿಯಿಂದ ಹೊಸ ಬೈಂಡಿಂಗ್ ಮಾಡಿಸಿ ಕೆಟ್ಟದ್ದನ್ನು ನೋಡುವಾಗ ಹೆಚ್ಚು ಸಂಕಟವಾಗುತ್ತದೆ.

ಈಗ ಬರ್ಟನ್. ನಿಮ್ಮದು ಮೊದಲ ಆವೃತ್ತಿಯೇ ಇರುವ ಸಾಧ್ಯತೆ ಬಲವಾಗಿದೆ. ಲಂಡನ್ನಿನ ಲಾಂಗ್‌ಮನ್ ಪ್ರಕಾಶನ ಇದನ್ನು ಮೂರು ಸಂಪುಟಗಳಲ್ಲಿ ತಂದಿತು: ಈಜಿಪ್ಟ್ ಮತ್ತು ಮದೀನಾ ಕುರಿತ ಮೊದಲೆರಡು 1855ರಲ್ಲಿ, ಮೆಕ್ಕಾ ಕುರಿತ ಮೂರನೆಯದು 1856ರಲ್ಲಿ. ಮೂರರ ಮೇಲೂ 1855 ಎಂದಿದ್ದರೆ ನಾನು ಅನುಮಾನಿಸುತ್ತಿದ್ದೆ. 1857ರ ಎರಡನೆಯ ಆವೃತ್ತಿ ಎರಡೇ ಸಂಪುಟ. ಶೀರ್ಷಿಕೆ ಪುಟದಲ್ಲಿ ಲೇಖಕನ ಹೆಸರಿನ ಕೆಳಗೆ ಬೊಂಬಾಯಿ ಸೈನ್ಯದ ಲೆಫ್ಟಿನೆಂಟ್ ಎಂದಿರಬೇಕು, ನೋಡಿ. ಬರ್ಟನ್ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಕಂಪನಿಯಿಂದ ರಜೆ ಪಡೆದು, ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಬೆಂಬಲದಿಂದ, 1853ರಲ್ಲಿ ಹಿಂದೂಸ್ತಾನದಲ್ಲಿ ಹುಟ್ಟಿ ಬೆಳೆದ ಪಠಾಣ ಹಕೀಮನ ವೇಷದಲ್ಲಿ ಹಜ್ ಮಾಡಿದವನು.

ಮಾರುವವರು ಈ ಪುಸ್ತಕದ ಬಗ್ಗೆ ಸದಾ ಹೇಳುವ ಒಂದು ಮಾತಿದೆ: ಮೆಕ್ಕಾ ಕಂಡ ಮೊದಲ ಯುರೋಪಿಯನ್ ಬರ್ಟನ್ ಎಂದು. ಅದು ಸುಳ್ಳು. ಇಟಲಿಯ ಲುಡೊವಿಕೊ ಡಿ ವಾರ್ತೆಮಾ 1503ರಲ್ಲೇ ಹೋಗಿದ್ದ. ಸೆರೆಯಾಳಾಗಿ ಹೋದ ಇಂಗ್ಲಿಷಿನವ ಜೋಸೆಫ್ ಪಿಟ್ಸ್, ಅಲಿ ಬೇ ಎಂಬ ಹೆಸರಿನಲ್ಲಿ ಹೋದ ಸ್ಪೇನ್‌ನವ, 1814ರಲ್ಲಿ ಹೋದ ಸ್ವಿಸ್ ಮೂಲದ ಬುರ್ಕ್‌ಹಾರ್ಟ್, ಎಲ್ಲರೂ ಬರ್ಟನ್ನನಿಗಿಂತ ಮುಂಚಿನವರು. ಬರ್ಟನ್ ತನ್ನ ಪುಸ್ತಕದಲ್ಲೇ ಹಿಂದಿನವರನ್ನು ಧಾರಾಳವಾಗಿ ನೆನೆಯುತ್ತಾನೆ. ಅವನ ಪುಸ್ತಕದ ಬೆಲೆ ಇರುವುದು ಅವನ ಕಣ್ಣಿನಲ್ಲಿ: ಹಡಗಿನ ನೂಕುನುಗ್ಗಲು, ಒಂಟೆ ಸಾಲಿನ ಜಗಳ, ಯಾತ್ರಿಕರ ಊಟ, ಎಲ್ಲವನ್ನೂ ಬಿಡದೆ ಬರೆದಿಟ್ಟ ಹಟದಲ್ಲಿ.

ಎರಡು ಚರ್ಮ, ಒಂದು ಬಟ್ಟೆ ಎನ್ನುವುದು ನನಗೆ ಮುಖ್ಯವಾದ ಸುಳಿವು. ಇದಕ್ಕೆ ಎರಡು ಕಾರಣ ಇರಬಹುದು. ಮೊದಲೆರಡು ಸಂಪುಟ ಕೊಂಡವನು ಮೂರನೆಯದು ಬರುವ ಮೊದಲೇ ಅವನ್ನು ಕಟ್ಟಿಸಿಕೊಂಡು, ಆಮೇಲೆ ಬಂದದ್ದನ್ನು ಹಾಗೇ ಬಿಟ್ಟಿರಬಹುದು. ಇಲ್ಲವೇ ಬೇರೆ ಬೇರೆ ಸೆಟ್ಟಿನ ಸಂಪುಟಗಳನ್ನು ಯಾರೋ ಒಟ್ಟು ಸೇರಿಸಿರಬಹುದು. ಎರಡನೆಯದಾದರೆ ಬೆಲೆ ಗಣನೀಯವಾಗಿ ಇಳಿಯುತ್ತದೆ. ಪತ್ತೆ ಮಾಡಲು ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಒಳರಟ್ಟಿನಲ್ಲಿ ಒಬ್ಬನೇ ಒಡೆಯನ ಸಹಿ ಅಥವಾ ಲಾಂಛನದ ಚೀಟಿ ಮೂರರಲ್ಲೂ ಇದೆಯೇ ನೋಡಿ. ಹುಳು ಕೊರೆದ ತೂತುಗಳನ್ನು ಗಮನಿಸಿ: ಒಂದೇ ಕಪಾಟಿನಲ್ಲಿ ದಶಕಗಟ್ಟಲೆ ಒತ್ತಾಗಿ ನಿಂತ ಪುಸ್ತಕಗಳಲ್ಲಿ ಎರಡನೆಯದರ ಕೊನೆಯ ಹಾಳೆಯಿಂದ ಹೊರಬಿದ್ದ ಸುರಂಗ ಮೂರನೆಯದರ ರಟ್ಟಿನಲ್ಲಿ ಅದೇ ಎತ್ತರದಲ್ಲಿ ಮುಂದುವರಿಯುತ್ತದೆ. ಹಾಳೆಯ ಎತ್ತರವನ್ನೂ ಸ್ಕೇಲ್ ಇಟ್ಟು ಅಳೆಯಿರಿ. ಚರ್ಮದವು ಬಟ್ಟೆಯದಕ್ಕಿಂತ ಕೆಲವು ಮಿಲಿಮೀಟರ್ ಗಿಡ್ಡವಿದ್ದರೆ ಗಾಬರಿಯಾಗಬೇಡಿ, ಅದು ಬೈಂಡರ್ ಕತ್ತರಿಸಿದ್ದು. ನೀಲಿ ರಟ್ಟಿನ ಮೇಲೆ ಕಾಗದದ ಚೀಟಿ ಕಿತ್ತ ಗುರುತೇನಾದರೂ ಇದ್ದರೆ ಅದು ಲಂಡನ್ನಿನ ಮ್ಯೂಡಿಯಂಥ ಬಾಡಿಗೆ ಲೈಬ್ರರಿಯಲ್ಲಿ ಓಡಾಡಿದ ಪ್ರತಿಯಾಗಿರಬಹುದು. ಆಗಿನ ಓದುಗರಲ್ಲಿ ಬಹಳ ಜನ ಇಂಥ ದುಬಾರಿ ಪುಸ್ತಕ ಕೊಳ್ಳುತ್ತಿರಲಿಲ್ಲ, ಬಾಡಿಗೆಗೆ ತಂದು ಓದುತ್ತಿದ್ದರು.

ಆಮೇಲೆ ಪುಟ ತಾಳೆ ನೋಡುವ ಕೆಲಸ. ಇದನ್ನು ಯಾರೂ ನಿಮ್ಮ ಪರವಾಗಿ ಶ್ರದ್ಧೆಯಿಂದ ಮಾಡುವುದಿಲ್ಲ, ನೀವೇ ಕೂರಬೇಕು. ಪುಸ್ತಕದ ಮುಂಭಾಗದಲ್ಲಿ ಚಿತ್ರ, ನಕ್ಷೆಗಳ ಪಟ್ಟಿ ಇರುತ್ತದೆ. ಒಂದೊಂದನ್ನೂ ಅದರ ಜಾಗದಲ್ಲಿ ಹುಡುಕಿ ಗುರುತು ಹಾಕಿಕೊಳ್ಳಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಈ ಆವೃತ್ತಿಯ ಸ್ಕ್ಯಾನ್ ಪ್ರತಿಗಳಿವೆ, ಪುಟಪುಟವಾಗಿ ಹೋಲಿಸಬಹುದು. ಆದರೆ ಸ್ಕ್ಯಾನ್ ಮಾಡುವವರು ಮಡಿಸಿದ ನಕ್ಷೆಯನ್ನು ಬಿಚ್ಚದೆ ಬಿಟ್ಟಿರುವುದು ಸಾಮಾನ್ಯ, ಅದನ್ನು ನೆನಪಿನಲ್ಲಿಡಿ. ಬರ್ಟನ್ನನ ಕೃತಿಗಳಿಗೆ 1923ರಲ್ಲಿ ನಾರ್ಮನ್ ಪೆಂಜರ್ ಮಾಡಿದ ವಿವರಣಾತ್ಮಕ ಗ್ರಂಥಸೂಚಿ ಇಂದಿಗೂ ಸಂಗ್ರಾಹಕರ ಕೈಪಿಡಿ. ಮುಂಬೈ ಕಡೆ ಹೋಗುವುದಿದ್ದರೆ ಏಷ್ಯಾಟಿಕ್ ಸೊಸೈಟಿಯಂಥ ಹಳೆಯ ಲೈಬ್ರರಿಗಳಲ್ಲಿ ಆ ಕಾಲದ ಪ್ರವಾಸ ಗ್ರಂಥಗಳನ್ನು ಕಣ್ಣಾರೆ ನೋಡಿ ಬನ್ನಿ. ಬಟ್ಟೆ, ಕಾಗದ, ಅಚ್ಚು ಹೇಗಿರುತ್ತದೆ ಎನ್ನುವುದು ಫೋಟೋದಲ್ಲಿ ತಿಳಿಯುವುದಿಲ್ಲ.

ಕಿತ್ತುಹೋದ ನಕ್ಷೆ ಈ ವರ್ಗದ ಪುಸ್ತಕಗಳ ಶಾಪ. ನಕ್ಷೆ, ಚಿತ್ರಗಳನ್ನು ಕತ್ತರಿಸಿ ಫ್ರೇಮ್ ಹಾಕಿ ಮಾರಿದರೆ ಇಡೀ ಪುಸ್ತಕಕ್ಕಿಂತ ಹೆಚ್ಚು ಹಣ ಬರುತ್ತದೆ ಎಂದು ಕಂಡುಕೊಂಡ ವ್ಯಾಪಾರಿಗಳು ಎಷ್ಟೋ ಒಳ್ಳೆಯ ಪ್ರತಿಗಳನ್ನು ಹರಿದಿದ್ದಾರೆ. 1839ರಲ್ಲಿ ಜೋರ್ಡಾನಿನ ಪೆಟ್ರಾ ಅವಶೇಷಗಳನ್ನು ನೋಡಿ ಬಂದ ಚಿತ್ರಕಾರ ಡೇವಿಡ್ ರಾಬರ್ಟ್ಸ್‌ನ ಪವಿತ್ರ ಭೂಮಿ ಮತ್ತು ಈಜಿಪ್ಟಿನ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಸಂಪುಟಗಳಿಗೆ ಆದ ಗತಿ ಇದೇ. ಮಸ್ಕತ್, ದುಬೈನ ಗೋಡೆಗಳಲ್ಲಿ ನೀವು ಅವುಗಳ ಬಿಡಿ ಹಾಳೆಗಳನ್ನು ನೋಡಿಯೇ ಇರುತ್ತೀರಿ. ನಿಮ್ಮ ಮುಂದೆ ಮೂರು ದಾರಿಗಳಿವೆ. ಹಾಗೇ ಬಿಡುವುದು ಒಂದು. ಒಳ್ಳೆಯ ಪ್ರತಿಯಿಂದ ನಕಲು ತೆಗೆಸಿ, ನಕಲು ಎಂದು ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದು, ಅಂಟಿಸದೆ ಸಂಪುಟದೊಳಗೆ ಇಡುವುದು ಇನ್ನೊಂದು. ಹಾಳಾದ ಮತ್ತೊಂದು ಪ್ರತಿಯ ಅಸಲಿ ನಕ್ಷೆ ಕೊಂಡು ಸೇರಿಸುವುದು ಮೂರನೆಯದು; ಇದನ್ನು ಮಾಡಿದರೆ ಮಾರುವಾಗ ಬಾಯಿಬಿಟ್ಟು ಹೇಳಲೇಬೇಕು, ಜೊತೆಗೆ ನಿಮ್ಮ ಬೇಡಿಕೆಯಿಂದ ಇನ್ನೊಂದು ಪುಸ್ತಕ ಹರಿಯುವ ಅಪಾಯವೂ ಇದೆ. ನನ್ನ ಒಲವು ಎರಡನೆಯದಕ್ಕೆ. ಏನೇ ಮಾಡಿ, ಉಳಿದಿರುವ ಬುಡದ ಪಟ್ಟಿಯನ್ನು ಮಾತ್ರ ಕೀಳಬೇಡಿ. ನಕ್ಷೆ ಇತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಬನಾರಸ್ ಎಂಬ ಹೆಸರು ನಮ್ಮ ದೇಶದ ಬಹಳ ಜನರನ್ನು ದಾರಿ ತಪ್ಪಿಸಿದೆ. ಕಾಮಶಾಸ್ತ್ರ ಸೊಸೈಟಿ ಎನ್ನುವುದು ಬರ್ಟನ್ ಮತ್ತು ಅವನ ಗೆಳೆಯರು ಕಾಗದದ ಮೇಲೆ ಹುಟ್ಟಿಸಿದ ಸಂಸ್ಥೆ. ಇಂಗ್ಲೆಂಡಿನ 1857ರ ಅಶ್ಲೀಲ ಪ್ರಕಟಣೆ ಕಾಯ್ದೆಯ ಕೈಗೆ ಸಿಗದಿರಲೆಂದು ಚಂದಾದಾರರಿಗೆ ಮಾತ್ರ ಎಂದು ಹೇಳಿ, ಊರು ಬನಾರಸ್ ಎಂದು ಅಚ್ಚು ಹಾಕಿಸಿದರು. ಅಚ್ಚಾದದ್ದು ಇಂಗ್ಲೆಂಡಿನಲ್ಲೇ. 1885ರಿಂದ 1888ರವರೆಗೆ ಹತ್ತು ಮೂಲ ಸಂಪುಟ, ಆಮೇಲೆ ಪೂರಕ ಸಂಪುಟಗಳು, ಸಾವಿರ ಸೆಟ್ಟು. ಆ ಮೊದಲ ಮುದ್ರಣದಲ್ಲಿ ಚಿತ್ರಗಳಿಲ್ಲ. ಆಲ್ಬರ್ಟ್ ಲೆಚ್‌ಫೋರ್ಡ್ ಬರೆದ ಚಿತ್ರಗಳು ಬಂದದ್ದು 1897ರಲ್ಲಿ, ಬೇರೆ ಪ್ರಕಾಶಕರಿಂದ. 20ನೆಯ ಶತಮಾನದಲ್ಲಿ 'ಬರ್ಟನ್ ಕ್ಲಬ್' ಹೆಸರಿನಲ್ಲಿ ಹೊರಬಂದ ಮರುಮುದ್ರಣಗಳು ಚಿತ್ರಗಳನ್ನೂ ಸೇರಿಸಿಕೊಂಡವು, ಬನಾರಸ್ ಎಂಬ ಹಳೆಯ ಹೆಸರನ್ನೂ ಉಳಿಸಿಕೊಂಡವು. ಚಿತ್ರಗಳಿರುವ ನಿಮ್ಮ ಹದಿನೇಳು ಸಂಪುಟ ಬಹುತೇಕ ಇವುಗಳಲ್ಲೊಂದು. ಹಳೆಯ ಒಡೆಯರು ಮೊದಲ ಮುದ್ರಣಕ್ಕೇ ಚಿತ್ರ ಸೇರಿಸಿ ಕಟ್ಟಿಸಿದ್ದೂ ಉಂಟು, ಆದ್ದರಿಂದ ಶೀರ್ಷಿಕೆ ಪುಟದ ಮುಂದೆ, ಹಿಂದೆ ಬರ್ಟನ್ ಕ್ಲಬ್ ಎಂಬ ಮಾತಿದೆಯೇ ಒಮ್ಮೆ ನೋಡಿಬಿಡಿ. ಇದ್ದರೆ ಅದನ್ನು ಮನೆಯವರೆಲ್ಲ ಓದುವ ಸೆಟ್ಟಾಗಿ ಇಟ್ಟುಕೊಳ್ಳಿ, ದೊಡ್ಡ ಬೆಲೆಯ ಆಸೆ ಬೇಡ.

ಇನ್ನು ಪೆಲ್ಲಿಯ ವರದಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಿಮ್ಮ ಬೀರುವಿನಲ್ಲಿ ನನಗೆ ಅತ್ಯಂತ ಆಸೆ ಹುಟ್ಟಿಸಿದ ಪುಸ್ತಕ ಇದೇ. ಲೂಯಿಸ್ ಪೆಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಬ್ರಿಟಿಷ್ ರೆಸಿಡೆಂಟ್, ಅಂದರೆ ಸರ್ಕಾರದ ರಾಜಕೀಯ ಪ್ರತಿನಿಧಿ, ಆಗಿದ್ದವನು. ಅವನ ರಿಯಾದ್ ಪ್ರವಾಸಕ್ಕೆ ಸ್ವಲ್ಪ ಮುಂಚೆ ವಿಲಿಯಂ ಪಾಲ್‌ಗ್ರೇವ್ ಎಂಬಾತ 1862-63ರಲ್ಲಿ ಸಿರಿಯಾದ ವೈದ್ಯನ ವೇಷದಲ್ಲಿ ನಡು ಅರೇಬಿಯಾ ದಾಟಿ, 1865ರಲ್ಲಿ ಮ್ಯಾಕ್‌ಮಿಲನ್‌ನಿಂದ ಎರಡು ಸಂಪುಟ ಪ್ರಕಟಿಸಿದ್ದ. ಅದರ ಎಷ್ಟೋ ವಿವರಗಳನ್ನು ನಂತರದ ಪ್ರವಾಸಿಗರು ಅನುಮಾನಿಸಿದರು. ಪೆಲ್ಲಿ ವೇಷ ಹಾಕಲಿಲ್ಲ. 1865ರಲ್ಲಿ ಬ್ರಿಟಿಷ್ ಅಧಿಕಾರಿಯಾಗಿಯೇ ಕುವೈತ್ ಕಡೆಯಿಂದ ಹೊರಟು ರಿಯಾದ್ ತಲುಪಿ, ಇಮಾಮ್ ಫೈಸಲ್ ಬಿನ್ ತುರ್ಕಿಯನ್ನು ಎದುರುಬದುರು ಕಂಡು ಬಂದ. ಆ ವರದಿ 1866ರಲ್ಲಿ ಬೊಂಬಾಯಿಯ ಬೈಕುಲ್ಲಾದಲ್ಲಿದ್ದ ಎಜುಕೇಶನ್ ಸೊಸೈಟಿಯ ಮುದ್ರಣಾಲಯದಲ್ಲಿ ಸರ್ಕಾರಕ್ಕಾಗಿ ಅಚ್ಚಾಯಿತು. ಅಂಗಡಿಯಲ್ಲಿ ಮಾರಲು ಮಾಡಿದ್ದಲ್ಲ, ಕಚೇರಿಗಳಿಗೆ ಹಂಚಲು ಮಾಡಿದ್ದು. ಇಂಥವನ್ನು ಯಾರೂ ಚೆಂದದ ಬೈಂಡಿಂಗಿನಲ್ಲಿ ಕಾಪಾಡಲಿಲ್ಲ, ಕಡತದ ಜೊತೆ ಸವೆದು ಹೋದವು. ಅದಕ್ಕೇ ಅಪರೂಪ. ನಿಮ್ಮದು ಅಸಲಿ 1866ರದ್ದೇ ಎಂದು ಖಚಿತಪಡಿಸಿಕೊಳ್ಳಿ. 1978ರಲ್ಲಿ ಇಂಗ್ಲೆಂಡಿನಲ್ಲಿ ಇದರ ಮರುಮುದ್ರಣ ಬಂದಿದೆ. ಬೆನ್ನು ಕಿತ್ತುಹೋಗಿ ಹೊಲಿಗೆ ಕಾಣುತ್ತಿದ್ದರೆ, ಹಾಳೆ ಪುಡಿಯಾಗುವಂತಿದ್ದರೆ ಹಳೆಯದೇ ಇರಬೇಕು. ಜೊತೆಗಿದ್ದ ನಕ್ಷೆ ಉಳಿದಿದೆಯೇ ನೋಡಿ.

ಭಾರತದಲ್ಲಿ ಕುಳಿತು ಅರಬ್ ನಾಡಿನ ಪುಸ್ತಕ ಸಂಗ್ರಹಿಸುವವರಿಗೆ ನಾನು ಸದಾ ಹೇಳುವ ಮಾತು ಇಲ್ಲಿಗೇ ಬಂದು ಸೇರುತ್ತದೆ. ಲಂಡನ್ನಿನ ಹೆಸರುವಾಸಿ ಮೊದಲ ಆವೃತ್ತಿಗಳ ಬೆನ್ನು ಹತ್ತಿದರೆ ನೀವು ಕೊಲ್ಲಿಯ ವಸ್ತುಸಂಗ್ರಹಾಲಯಗಳ ಜೊತೆ, ಯುರೋಪಿನ ಹಣವಂತರ ಜೊತೆ ಪೈಪೋಟಿಗೆ ಇಳಿದಂತೆ. ಬಟ್ಟೆ ರಟ್ಟಿನ ಒಳ್ಳೆಯ ಬರ್ಟನ್ ಸೆಟ್ಟಿಗೆ ಸಾವಿರಾರು ಪೌಂಡ್ ಬೇಕು. ಆದರೆ 19ನೆಯ ಶತಮಾನದಲ್ಲಿ ಅರೇಬಿಯಾದ ಕರಾವಳಿಯ ಕಾಗದಪತ್ರವೆಲ್ಲ ಓಡಾಡಿದ್ದು ನಮ್ಮ ಬಂದರುಗಳ ಮೂಲಕ. 1839ರಲ್ಲಿ ಕಂಪನಿ ಹಿಡಿದ ಏಡನ್ 1937ರವರೆಗೆ ಬ್ರಿಟಿಷ್ ಭಾರತದ ಆಡಳಿತಕ್ಕೆ ಸೇರಿತ್ತು. ಕೊಲ್ಲಿಯ ರೆಸಿಡೆಂಟರು ಮೊದಲು ಬೊಂಬಾಯಿಗೆ, ಆಮೇಲೆ ಕಲ್ಕತ್ತಕ್ಕೆ ಉತ್ತರ ಹೇಳಬೇಕಿತ್ತು. ಒಮಾನಿನ ಒಳನಾಡು ಸುತ್ತಿ 1838ರಲ್ಲಿ ಎರಡು ಸಂಪುಟ ಪ್ರಕಟಿಸಿದ ವೆಲ್‌ಸ್ಟೆಡ್ ಕಂಪನಿಯ ನೌಕಾದಳದವನು. ಮಸ್ಕತ್‌ನಲ್ಲಿರುವ ನೀವು ಮೊದಲು ಓದಬೇಕಾದವನು ಅವನೇ. ಯೆಮನ್ನಿನ ಮೇಲೆ ಪ್ಲೇಫೇರ್ ಬರೆದ ಚರಿತ್ರೆ 1859ರಲ್ಲಿ ಬೊಂಬಾಯಿ ಸರ್ಕಾರದ ದಾಖಲೆ ಮಾಲಿಕೆಯಲ್ಲಿ ಅಚ್ಚಾಯಿತು. ಬಾಬಾ ಬುಡನ್ ತಂದ ಕಾಫಿ ಬೀಜದ ಕಥೆ ಕೇಳಿ ಬೆಳೆದ ನಿಮ್ಮಂಥವರಿಗೆ ಮೋಖಾ ಬಂದರು ಹೇಗೆ ಬೆಳೆದು ಹೇಗೆ ಕುಗ್ಗಿತು ಎನ್ನುವುದು ಅದರಲ್ಲಿ ಸಿಗುತ್ತದೆ. ಇಂಥ ಪುಸ್ತಕಗಳು ಇಂದಿಗೂ ಮುಂಬೈ, ಪುಣೆ, ಕೋಲ್ಕತ್ತ, ನಮ್ಮ ಮಲೆನಾಡಿನ ಬಂಗಲೆಗಳಲ್ಲಿ ಹೆಸರಿಲ್ಲದೆ ಬಿದ್ದಿವೆ. ನಿಮ್ಮ ಪೆಲ್ಲಿಯೇ ಅದಕ್ಕೆ ಸಾಕ್ಷಿ.

ಇನ್ನೊಂದು ಪುಸ್ತಕ ಹೇಳುತ್ತೇನೆ. ಮೇಲೆ ಹೇಳಿದ ವಾರ್ತೆಮಾನ ಪ್ರವಾಸವನ್ನು ಹಳೆಯ ಪ್ರವಾಸ ಕಥನಗಳನ್ನು ಪ್ರಕಟಿಸುವ ಹ್ಯಾಕ್ಲೂಯ್ಟ್ ಸೊಸೈಟಿ 1863ರಲ್ಲಿ ಇಂಗ್ಲಿಷಿಗೆ ತಂದಿತು. ಅನುವಾದ ವಿಂಟರ್ ಜೋನ್ಸ್‌ನದು, ಟಿಪ್ಪಣಿ ಏಡನ್‌ನಲ್ಲಿ ಪಾದ್ರಿಯಾಗಿದ್ದ ಜಾರ್ಜ್ ಬ್ಯಾಡ್ಜರ್‌ನದು. ಮೆಕ್ಕಾ, ಏಡನ್ ದಾಟಿದ ವಾರ್ತೆಮಾ ಮುಂದೆ ನಮ್ಮ ಭಟ್ಕಳ, ಹೊನ್ನಾವರ, ಮಂಗಳೂರು, ವಿಜಯನಗರವನ್ನೂ ವರ್ಣಿಸುತ್ತಾನೆ. ಒಂದೇ ರಟ್ಟಿನೊಳಗೆ ಅರೇಬಿಯಾವೂ ಕರ್ನಾಟಕವೂ ಇರುವ ವಿಕ್ಟೋರಿಯಾ ಕಾಲದ ಪುಸ್ತಕ ಇದು. ಬರ್ಟನ್ನನ ಮುಂದೆ ಇದರ ಬೆಲೆ ಏನೂ ಅಲ್ಲ. ಕನ್ನಡಿಗರೊಬ್ಬರ ಸಂಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಅಡಿಗಲ್ಲು ನನಗೆ ತೋಚುವುದಿಲ್ಲ. ಲೇಡಿ ಆನ್ ಬ್ಲಂಟ್ ನಡು ಅರೇಬಿಯಾದ ನಜ್ದ್ ಪ್ರಾಂತ್ಯದ ಬಗ್ಗೆ ಬರೆದ 1881ರ ಎರಡು ಸಂಪುಟವನ್ನೂ ಗಮನದಲ್ಲಿಡಿ. ವೇಷ ಮರೆಸದೆ, ಗಂಡನ ಜೊತೆ ಕುದುರೆಗಳನ್ನು ಹುಡುಕಿ ಮರುಭೂಮಿ ದಾಟಿದ ಹೆಂಗಸು ಅವಳು, ಕವಿ ಬೈರನ್ನನ ಮೊಮ್ಮಗಳು.

ಆನ್‌ಲೈನ್‌ನ ಡೌಟಿಯನ್ನು ಕೊಳ್ಳಬೇಡಿ. ಚಾರ್ಲ್ಸ್ ಡೌಟಿಯ ಮೊದಲ ಆವೃತ್ತಿ 1888ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಐನೂರು ಪ್ರತಿ ಮಾತ್ರ ಬಂದದ್ದು, ಬಟ್ಟೆಯ ರಟ್ಟಿನಲ್ಲಿ. ಅದು 4,800 ರೂಪಾಯಿಗೆ ಸಿಗುವುದಿಲ್ಲ. ನೀವು ನೋಡಿದ್ದು ಸ್ಕ್ಯಾನ್ ಪುಟಗಳನ್ನು ಬೇಡಿಕೆಗೆ ತಕ್ಕಂತೆ ಮುದ್ರಿಸಿ, ಹೊಸ ಚರ್ಮ ಹೊದಿಸಿ, ಬಂಗಾರದ ಅಚ್ಚು ಹಾಕಿದ ಪುಸ್ತಕ. ಜಾಹೀರಾತಿನ ಹೆಸರಿನಲ್ಲಿ 1888 ಎಂದು ದೊಡ್ಡದಾಗಿ ಇರುತ್ತದೆ. ಕೆಳಗೆ ವಿವರಣೆ ಬಿಚ್ಚಿ ಓದಿದರೆ ಮರುಮುದ್ರಣ ಎಂಬ ಪದ ಎಲ್ಲೋ ಸಿಗುತ್ತದೆ. ಫೋಟೋದಲ್ಲಿ ಪುಟದ ಅಂಚು ಬೆಳ್ಳಗೆ, ಒಂದೇ ಸಮ ಇದ್ದರೆ ಅನುಮಾನಿಸಿ. ಪುಸ್ತಕ ಕೈಗೆ ಸಿಕ್ಕರೆ ಹಾಳೆಯ ಹಿಂಬದಿಯನ್ನು ಓರೆ ಬೆಳಕಿಗೆ ಹಿಡಿಯಿರಿ: ಹಳೆಯ ಮೊಳೆಯಚ್ಚು ಕಾಗದವನ್ನು ಒತ್ತಿದ ಉಬ್ಬು ಬೆರಳಿಗೂ ತಗಲುತ್ತದೆ. ಚಿತ್ರವನ್ನು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿದರೆ ಹೊಸ ಮುದ್ರಣದಲ್ಲಿ ಸಾಲುಸಾಲು ಬಣ್ಣದ ಚುಕ್ಕೆ ಕಾಣುತ್ತದೆ, ಹಳೆಯ ಲಿಥೋಗ್ರಾಫ್‌ನಲ್ಲಿ ಕಲ್ಲಿನ ಒರಟು ರವೆ ಕಾಣುತ್ತದೆ. ಓದುವುದಕ್ಕೇ ಡೌಟಿ ಬೇಕಾದರೆ 'ಲಾರೆನ್ಸ್ ಆಫ್ ಅರೇಬಿಯಾ' ಎಂದೇ ಹೆಸರಾದ ಟಿ.ಇ. ಲಾರೆನ್ಸ್ ಮುನ್ನುಡಿಯಿರುವ 1921ರ ನಂತರದ ಆವೃತ್ತಿಗಳು ಕೈಗೆಟುಕುತ್ತವೆ. ಬರ್ಟನ್ನನಿಗೂ ಹಾಗೇ, 1893ರ ಸ್ಮಾರಕ ಆವೃತ್ತಿ ಮೊದಲ ಆವೃತ್ತಿಯ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ, ಪಠ್ಯ ಓದಲು ಅದೇ ಮೇಲು.

ದೊಡ್ಡ ಮೊತ್ತದ ಖರೀದಿಗೆ ಅಂತರರಾಷ್ಟ್ರೀಯ ಪ್ರಾಚೀನ ಪುಸ್ತಕ ವ್ಯಾಪಾರಿಗಳ ಒಕ್ಕೂಟದ ಸದಸ್ಯರ ಹತ್ತಿರ ಹೋಗಿ. ಅವರ ವಿವರಣೆ ತಪ್ಪಾಗಿದ್ದರೆ ವಾಪಸು ಕೊಡಲು ದಾರಿ ಇರುತ್ತದೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಶುಲ್ಕ, ಸಾಗಣೆ, ಸುಂಕ ಸೇರುತ್ತದೆ. ಲೈಬ್ರರಿಯ ಮೊಹರು ಇದ್ದು, ತೆಗೆದುಹಾಕಿದ ಪ್ರತಿ ಎಂಬ ಇನ್ನೊಂದು ಮೊಹರು ಇಲ್ಲದಿದ್ದರೆ ಎಷ್ಟೇ ಅಗ್ಗವಿದ್ದರೂ ಕೇಳದೆ ಕೊಳ್ಳಬೇಡಿ. ಕದ್ದ ಪುಸ್ತಕ ಎಂದಾದರೂ ಒಡೆಯನಿಗೆ ವಾಪಸು ಹೋಗಬೇಕಾದದ್ದೇ.

ಬೂಷ್ಟಿನ ವಿಷಯ ತುರ್ತಿನದು. ನುಸಿಗುಳಿಗೆ ಬೂಷ್ಟಿಗೆ ಮದ್ದಲ್ಲ. ಅದು ಕೆಲವು ಹುಳುಗಳನ್ನಷ್ಟೇ ದೂರ ಇಡುತ್ತದೆ, ಅದರ ಆವಿ ನಿಮಗೂ ಒಳ್ಳೆಯದಲ್ಲ. ಬೂಷ್ಟಿಗೆ ಬೇಕಾದದ್ದು ತೇವ. ಗಾಳಿಯ ಆರ್ದ್ರತೆ ಶೇ. 65 ದಾಟಿ ಕೆಲವು ದಿನ ನಿಂತರೆ ರಟ್ಟಿನ ಬಟ್ಟೆಗೆ ಹಾಕಿದ ಗಂಜಿಯ ಮೇಲೆ, ಚರ್ಮದ ಮೇಲೆ ಅದು ಮೊಳೆಯುತ್ತದೆ. ಅದೇ ಗಂಜಿಗೆ ಜಿರಲೆ, ಸಿಲ್ವರ್ ಫಿಶ್ ಬರುವುದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಸ್ಟೀಲ್ ಬೀರು ಸುರಕ್ಷಿತ ಎಂದು ಎಲ್ಲರೂ ತಿಳಿಯುತ್ತಾರೆ. ಒಳಗೆ ಸಿಕ್ಕಿಕೊಂಡ ತೇವ ಹೊರಹೋಗದೆ ಅಲ್ಲೇ ಬೂಷ್ಟು ಬೆಳೆಸುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಡೋಣ ಎಂದು ಮನೆಯ ಹಿರಿಯರು ಹೇಳಿದರೆ ಒಪ್ಪಬೇಡಿ. ಒಣಗುತ್ತದೆ ನಿಜ, ಆದರೆ ಹೊಗೆಯ ಆಮ್ಲ ಚರ್ಮವನ್ನು ತಿನ್ನುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಬೂಷ್ಟು ಹಿಡಿದವನ್ನು ಬೇರೆ ಮಾಡಿ, ನೆರಳಿನಲ್ಲಿ ಫ್ಯಾನ್ ಗಾಳಿಗೆ ನಿಲ್ಲಿಸಿ ಚೆನ್ನಾಗಿ ಒಣಗಿಸಿ. ಬೂಷ್ಟು ಒಣಗಿ ಪುಡಿಯಾದ ಮೇಲೆ, ಎನ್-95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆತ್ತನೆಯ ಬ್ರಶ್‌ನಿಂದ ನಿಮ್ಮ ಮುಖದಿಂದಾಚೆಗೆ ಗುಡಿಸಿ. ಒದ್ದೆ ಇರುವಾಗ ಉಜ್ಜಿದರೆ ಕಲೆ ಬಟ್ಟೆಯೊಳಗೆ ಇಳಿಯುತ್ತದೆ. ಬಿಸಿಲಿಗೆ ಇಡಬೇಡಿ, ಡೆಟ್ಟಾಲ್, ಸ್ಯಾನಿಟೈಸರ್ ಮುಟ್ಟಿಸಬೇಡಿ. ಚರ್ಮ ಕೈಗೆ ಕೆಂಪು ಪುಡಿಯಾಗಿ ಅಂಟುತ್ತಿದ್ದರೆ ಅದು ಆಮ್ಲದಿಂದ ಕೊಳೆತ ಚರ್ಮ. ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್ ಎರಡೂ ಅದನ್ನು ಇನ್ನಷ್ಟು ಕೆಡಿಸುತ್ತವೆ. ನುರಿತ ಸಂರಕ್ಷಕರು ಕ್ಲೂಸೆಲ್ ಜಿ ಎಂಬ ಅಂಟನ್ನು ಆಲ್ಕೋಹಾಲ್‌ನಲ್ಲಿ ಕಲಸಿ ಹಚ್ಚಿ ಪುಡಿ ಉದುರುವುದನ್ನು ನಿಲ್ಲಿಸುತ್ತಾರೆ. ಪೆಲ್ಲಿಯ ಬೆನ್ನಿಗೆ ಸೆಲೋಟೇಪ್, ಫೆವಿಕಾಲ್ ಬೇಡ. ಗೋಧಿ ಗಂಜಿ, ಜಪಾನಿ ಕಾಗದದಲ್ಲಿ ಮಾಡಿದ ರಿಪೇರಿಯನ್ನು ನಾಳೆ ಬಿಚ್ಚಬಹುದು, ಫೆವಿಕಾಲನ್ನು ಬಿಚ್ಚಲಾಗದು. ರಿಪೇರಿಗೆ ಹಣ ಒದಗುವವರೆಗೆ ಆಮ್ಲರಹಿತ ರಟ್ಟಿನ ಪೆಟ್ಟಿಗೆಯೊಂದನ್ನು ಅದರ ಅಳತೆಗೆ ಮಾಡಿಸಿ ಮಲಗಿಸಿಡಿ. ಸಾಧ್ಯವಾದರೆ ಮಳೆಗಾಲದ ನಾಲ್ಕು ತಿಂಗಳು ಇವೆಲ್ಲ ಬೆಂಗಳೂರಿನ ನೆಂಟರ ಮನೆಯಲ್ಲಿರಲಿ. ಆಗದಿದ್ದರೆ ಬಂಗಲೆಯ ಒಂದು ಕೋಣೆಗೆ ಡಿಹ್ಯುಮಿಡಿಫೈಯರ್, ಆರ್ದ್ರತೆ ತೋರಿಸುವ ಸಣ್ಣ ಮೀಟರ್ ಹಾಕಿಸಿ, ಶೇ. 45-55ರ ನಡುವೆ ನಿಲ್ಲಬೇಕು. ಕಂದು ಚುಕ್ಕೆಗಳನ್ನು ತೆಗೆಸುತ್ತೇನೆ ಎಂದು ಹೊರಡಬೇಡಿ, ಬ್ಲೀಚ್ ಮಾಡಿದ ಕಾಗದ ಬೇಗ ಸಾಯುತ್ತದೆ.

ಸಂಗ್ರಹ ಬೆಳೆಸುವಾಗ ಒಂದು ಎಚ್ಚರಿಕೆ. 1840-60ರ ನಡುವಿನ ಹೊಳೆಯುವ ಪಚ್ಚೆ ಹಸಿರು ಬಟ್ಟೆಯ ರಟ್ಟುಗಳಲ್ಲಿ ಕೆಲವಕ್ಕೆ ಆರ್ಸೆನಿಕ್ ಇರುವ ಬಣ್ಣ ಬಳಸಿದ್ದರು. ಅಮೆರಿಕದ ವಿಂಟರ್‌ಥರ್ ಮ್ಯೂಸಿಯಂ ಇಂಥವನ್ನು ಪತ್ತೆ ಮಾಡುವ ಕೆಲಸವನ್ನು 2019ರಿಂದ ನಡೆಸುತ್ತಿದೆ. ಅಂಥ ರಟ್ಟನ್ನು ಕೈಗವಸು ಹಾಕಿ ಮುಟ್ಟಿ, ಮಕ್ಕಳ ಕೈಗೆ ಕೊಡಬೇಡಿ. ಎಂಜಲು ಬೆರಳಿನಿಂದ ಪುಟ ತಿರುವುವ ನಮ್ಮ ಅಭ್ಯಾಸವನ್ನು ಎಲ್ಲ ಹಳೆಯ ಪುಸ್ತಕಗಳ ವಿಷಯದಲ್ಲೂ ಬಿಡಬೇಕು.

ಕೊನೆಯ ಪ್ರಶ್ನೆಗೆ ಉತ್ತರ ನಿಮಗೆ ಇಷ್ಟವಾಗಲಾರದು. ಪುಸ್ತಕಗಳನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಮಸ್ಕತ್‌ಗೆ ಹೊರಡಬೇಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ಮಹತ್ವದ ವಸ್ತುಗಳನ್ನು, ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಲಂಡನ್ನಿನಲ್ಲಿ ಅಚ್ಚಾದ, ಸಾವಿರಾರು ಪ್ರತಿ ಇರುವ ಪುಸ್ತಕ ಇದರೊಳಗೆ ಬರುತ್ತದೋ ಇಲ್ಲವೋ ಎನ್ನುವುದನ್ನು ನೀವಾಗಲಿ ನಾನಾಗಲಿ ತೀರ್ಮಾನಿಸುವ ಹಾಗಿಲ್ಲ, ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಯೂ ತಕ್ಷಣ ಹೇಳಲಾರರು. ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರ ಪಡೆದ ಮೇಲೆ ಮಾತ್ರ ಹೆಜ್ಜೆ ಇಡಿ. ಸರ್ವೇಕ್ಷಣೆಯ ಬೆಂಗಳೂರು ವೃತ್ತದ ಕಚೇರಿಯಲ್ಲಿ ವಿಚಾರಿಸಬಹುದು. ಬರ್ಟನ್ ಮತ್ತು ನೈಟ್ಸ್‌ಗೆ ಪತ್ರ ಸಿಗಬಹುದೆಂಬ ಆಸೆಯಿಂದ ಅರ್ಜಿ ಹಾಕಿ. ಪೆಲ್ಲಿ ಸರ್ಕಾರಿ ವರದಿ, ದಾಖಲೆ ಎಂದು ಪರಿಗಣಿಸುವ ಸಾಧ್ಯತೆ ಹೆಚ್ಚು, ಅದನ್ನು ಇಲ್ಲೇ ಇಡುವ ಲೆಕ್ಕ ಹಾಕಿಕೊಳ್ಳಿ. ಮಸ್ಕತ್‌ನಲ್ಲಿ ನೀವು ಹೊಸದಾಗಿ ಕೊಳ್ಳುವ ಪುಸ್ತಕಗಳನ್ನೂ ಇದೇ ಕಾರಣಕ್ಕೆ ಊರಿಗೆ ತರುವ ಮೊದಲು ಯೋಚಿಸಿ: ಒಮ್ಮೆ ಒಳಗೆ ಬಂದದ್ದನ್ನು ಮತ್ತೆ ಹೊರಗೆ ಕಳಿಸುವುದು ಕಷ್ಟ. ತಂದರೆ ಬಿಲ್ಲು, ಸುಂಕದ ರಸೀದಿಗಳನ್ನು ಪುಸ್ತಕದ ಜೊತೆಗೇ ಜೋಪಾನ ಮಾಡಿ.

ಮೂರು ಬರ್ಟನ್ ಸಂಪುಟಗಳ ಶೀರ್ಷಿಕೆ ಪುಟ, ಒಳರಟ್ಟು, ಹಾಳೆಗಳ ಮೇಲಂಚು, ಪೆಲ್ಲಿಯ ಮೊದಲ ಮತ್ತು ಕೊನೆಯ ಪುಟ, ಇವುಗಳ ಫೋಟೋವನ್ನು ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು ಕಳಿಸಿ. ಸೆಟ್ಟು ಒಂದೇ ಮನೆಯದೋ ಜೋಡಿಸಿದ್ದೋ ಎನ್ನುವುದನ್ನು ಅಷ್ಟರಿಂದ ಬಹುಮಟ್ಟಿಗೆ ಹೇಳಬಲ್ಲೆ.